ಎಲ್ಲರೂ ವಿಡಿಯೋ ನೋಡುತ್ತಾರೆ, ಯಾರೂ ಸೈಕ್ಲಿಂಗ್ ಅನ್ನುವುದಿಲ್ಲ: ಟ್ರಯಲ್ಸ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಅಣ್ಣ, ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ಹಳೇ ಎಂಟಿಬಿಯಲ್ಲಿ (ಮೌಂಟನ್ ಬೈಕಿನಲ್ಲಿ) ಟ್ರಯಲ್ಸ್, ಅಂದರೆ ಕಾಲು ನೆಲಕ್ಕಿಡದೆ ಅಡೆತಡೆ ದಾಟುವ ಆಟ, ಕಲಿಯುತ್ತಿದ್ದೇನೆ. ನಿಂತಲ್ಲೇ ಬ್ಯಾಲೆನ್ಸ್ ಮಾಡುವುದು, ಹಿಂದಿನ ಚಕ್ರದ ಮೇಲೆ ಕುಪ್ಪಳಿಸುವುದು, ಕಲ್ಲಿನಿಂದ ಕಲ್ಲಿಗೆ ಜಿಗಿಯುವುದು, ಇಷ್ಟು ಬರುತ್ತದೆ. ಭಾನುವಾರ ಮೈಸೂರಿನ ಸೈಕಲ್ ಗೆಳೆಯರ ಜೊತೆ ಸೇರಿದರೆ ಅವರ ಮಾತೆಲ್ಲ ಟೂರ್ ಡಿ ಫ್ರಾನ್ಸ್, ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸುವ ದೂರದ ಸವಾರಿ), ಕಾರ್ಬನ್ ಫ್ರೇಮು. ನಾನು ಮಾಡುವುದನ್ನು ನೋಡಿ ‘ಸೂಪರ್’ ಅಂತಾರೆ, ಮೊಬೈಲಲ್ಲಿ ತೆಗೀತಾರೆ, ಆಮೇಲೆ ‘ಇದು ಸರ್ಕಸ್ ಕಣೋ, ಸೈಕ್ಲಿಂಗ್ ಅಲ್ಲ’ ಅಂತಾರೆ. ವಿಶ್ವ ಚಾಂಪಿಯನ್‌ಶಿಪ್ ಇರುವ ಆಟವನ್ನು ಸೈಕಲ್ ಲೋಕವೇ ಯಾಕೆ ಲೆಕ್ಕಕ್ಕೆ ತಗೊಳ್ಳಲ್ಲ? ಇನ್ನೊಂದು, ಈ ಸೈಕಲ್ಲಲ್ಲೇ ಮುಂದುವರಿಯಬಹುದಾ, ಬೇರೆ ತಗೋಬೇಕಾ?

ಉತ್ತರ: ‘ಸೂಪರ್’ ಅಂದದ್ದೂ ‘ಸರ್ಕಸ್’ ಅಂದದ್ದೂ ಒಂದೇ ಕಾರಣಕ್ಕೆ. ನಿಮ್ಮ ಗೆಳೆಯರ ಲೆಕ್ಕದಲ್ಲಿ ಸೈಕಲ್ ಅಂದರೆ ಎಲ್ಲಿಗಾದರೂ ಹೋಗುವ ವಸ್ತು. ನೀವು ಅದರ ಮೇಲೆ ಎಲ್ಲಿಗೂ ಹೋಗುತ್ತಿಲ್ಲ. ಮಿಕ್ಕ ಕಾರಣಗಳೂ ಇವೆ, ಹೇಳುತ್ತೇನೆ, ಆದರೆ ನನ್ನ ಪ್ರಕಾರ ಬೇರು ಇದೇ.

ಯೋಚನೆ ಮಾಡಿ ನೋಡಿ. ರಸ್ತೆ ರೇಸು, ಟ್ರ್ಯಾಕು, ಡೌನ್‌ಹಿಲ್, ಬಿಎಂಎಕ್ಸ್ ರೇಸು, ಬ್ರೆವೆ, ಇವೆಲ್ಲ ನಾವು ಹತ್ತು ವರ್ಷದವರಿದ್ದಾಗ ಮಾಡಿದ್ದನ್ನೇ ದೊಡ್ಡದು ಮಾಡಿದ ಆಟಗಳು. ಸ್ಕೂಲ್ ಗೇಟಿಗೆ ಯಾರು ಮೊದಲು, ಇಳಿಜಾರಲ್ಲಿ ಬ್ರೇಕ್ ಹಿಡಿಯದೆ ಯಾರು ಬರುತ್ತಾರೆ, ಮನೆಗೆ ಹೇಳದೆ ಕೆಆರ್‌ಎಸ್ ತನಕ ಹೋಗಿ ಬಂದವರು ಯಾರು. ಚಾಮುಂಡಿ ಬೆಟ್ಟ ಹತ್ತಿ ಇಳಿದವರಿಗೆ ಫ್ರಾನ್ಸಿನ ಪರ್ವತ ಹತ್ತುವವರ ಕಷ್ಟ ಸ್ವಲ್ಪವಾದರೂ ಕಾಲಿಗೆ ಗೊತ್ತಾಗುತ್ತದೆ. ರಿಂಗ್ ರೋಡ್ ಒಂದು ಸುತ್ತು ಹೊಡೆದವರಿಗೆ ಕಿಲೋಮೀಟರ್ ಇದೆ, ಸಮಯ ಇದೆ, ಸ್ಟ್ರಾವಾ ಆ್ಯಪ್‌ನಲ್ಲಿ ಹಾಕಿ ಪಕ್ಕದವರ ಜೊತೆ ಹೋಲಿಸಿಕೊಳ್ಳಲು ಒಂದು ಅಂಕಿ ಇದೆ. ನೀವು ಎರಡು ಗಂಟೆ ಬೆವರು ಸುರಿಸಿ ಅಭ್ಯಾಸ ಮಾಡಿದರೂ ಆ್ಯಪ್ ಏನು ತೋರಿಸುತ್ತದೆ? ಅರ್ಧ ಕಿಲೋಮೀಟರ್ ತೋರಿಸಿದರೆ ಹೆಚ್ಚು. ಸರ್ಕಾರದ ಯೋಚನೆಯೂ ಹಾಗೇ. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂತು, ಒಳ್ಳೆ ಕೆಲಸ. ಆದರೆ ಅದು ಓಡಾಟಕ್ಕೆ. ಸೈಕಲ್ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಓಡಾಟ, ಇಲ್ಲಾ ಆರೋಗ್ಯ, ಇಲ್ಲಾ ವೇಗ.

ಟ್ರಯಲ್ಸ್ ಸೈಕಲ್ಲನ್ನೇ ತಗೊಳ್ಳಿ. ಅದಕ್ಕೆ ಸೀಟೇ ಇರುವುದಿಲ್ಲ. ಗೇರ್ ಒಂದೇ. ಸ್ಪರ್ಧೆಯ 20 ಇಂಚಿನ ಸೈಕಲ್ಲಲ್ಲಿ ಮುಂದೆ 18 ಹಲ್ಲು, ಹಿಂದೆ 12 ಹಲ್ಲು ಇರುವುದು ಸಾಮಾನ್ಯ. ಅಂದರೆ ಪೆಡಲ್ ಪೂರ್ತಿ ಒಂದು ಸುತ್ತು ತಿರುಗಿದರೆ ಸೈಕಲ್ ಹೋಗುವುದು ಎರಡೂವರೆ ಮೀಟರ್ ಹತ್ತಿರ. ನಮ್ಮ ಅಪ್ಪಂದಿರು ಓಡಿಸುತ್ತಿದ್ದ ದೊಡ್ಡ ಕರಿ ಸೈಕಲ್ ಅದೇ ಒಂದು ಸುತ್ತಿಗೆ ಐದು ಮೀಟರ್ ದಾಟುತ್ತದೆ. ಮೈಸೂರಿಂದ ಶ್ರೀರಂಗಪಟ್ಟಣ 15 ಕಿಲೋಮೀಟರ್ ಚಿಲ್ಲರೆ. ಟ್ರಯಲ್ಸ್ ಸೈಕಲ್ಲಲ್ಲಿ ಹೊರಟರೆ ಆರು ಸಾವಿರಕ್ಕೂ ಹೆಚ್ಚು ಸಲ ಪೆಡಲ್ ತಿರುಗಿಸಬೇಕು, ಅದೂ ದಾರಿ ಪೂರ್ತಿ ನಿಂತುಕೊಂಡು. ಯಾರು ಹೋಗುತ್ತಾರೆ ಹೇಳಿ?

ಅದನ್ನು ಕಟ್ಟಿರುವುದೇ ಬೇರೆ ಕೆಲಸಕ್ಕೆ. ಮಾಮೂಲಿ ಸೈಕಲ್ಲಲ್ಲಿ ಪೆಡಲಿನ ಅಚ್ಚು ಚಕ್ರಗಳ ಅಚ್ಚಿಗಿಂತ ಕೆಳಗಿರುತ್ತದೆ. ಇದರಲ್ಲಿ ಮೇಲಿರುತ್ತದೆ. ಹಾಗಿದ್ದರೆ ಹಿಂದಿನ ಚಕ್ರದ ಮೇಲೆ ನಿಲ್ಲುವುದು ಸುಲಭ, ಕಲ್ಲಿಗೆ ಹೊಟ್ಟೆ ತಗಲುವುದೂ ಕಡಿಮೆ. ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀವೀಲ್ ಹಿಂದಿನ ಹಬ್ಬಿನಲ್ಲಿರದೆ ಮುಂದೆ ಕ್ರ್ಯಾಂಕಿನಲ್ಲಿರುತ್ತದೆ. ಬ್ರೇಕ್ ಒಂದು ಬೆರಳಿಗೆ ಚಕ್ರವನ್ನು ಕಚ್ಚಿ ಹಿಡಿಯಬೇಕು, ಒಂದು ಕೂದಲಷ್ಟೂ ಜಾರಬಾರದು. ಅದಕ್ಕೇ ಎಷ್ಟೋ ಜನ ಮಗುರಾ ಕಂಪನಿಯ ಹೈಡ್ರಾಲಿಕ್ ರಿಮ್ ಬ್ರೇಕ್ ಹಾಕಿಸಿ, ಆಂಗಲ್ ಗ್ರೈಂಡರ್ ತಗೊಂಡು ಹೊಸ ರಿಮ್ಮಿನ ಮೈಯನ್ನು ತಾವೇ ಉಜ್ಜಿ ಒರಟು ಮಾಡುತ್ತಾರೆ. ಆ ಬ್ರೇಕಿನ ಕಿರುಚಾಟ ಕೇಳಿದರೆ ಬೀದಿನಾಯಿಗಳೂ ಎದ್ದು ಓಡುತ್ತವೆ. ಸೈಕಲ್ ಅಂಗಡಿಯವರಿಗೆ ಇದನ್ನು ತೋರಿಸಿದರೆ ಅವರು ಕೇಳುವ ಮೊದಲ ಪ್ರಶ್ನೆ ‘ಸೀಟು ಎಲ್ಲಿ ಬಿತ್ತು?’ ಅಂತ.

ಇಲ್ಲೇ ವ್ಯಾಪಾರದ ಮಾತೂ ಬರುತ್ತದೆ. ರಸ್ತೆ ಸೈಕಲ್ ರೇಸಿಗೆ ದುಡ್ಡು ಸುರಿಯುವ ಕಂಪನಿಗೆ, ಆ ರೇಸು ನೋಡಿ ಒಂದು ಸೈಕಲ್ ಕೊಳ್ಳುವ ಡಾಕ್ಟರೋ ಬ್ಯಾಂಕ್ ಮ್ಯಾನೇಜರೋ ಸಿಗುತ್ತಾರೆ. ಆಮೇಲೆ ಅವರಿಗೆ ಹೆಲ್ಮೆಟ್ಟು, ಶೂ, ಜರ್ಸಿ, ಪವರ್ ಮೀಟರ್ರು, ವರ್ಷಕ್ಕೊಮ್ಮೆ ಹೊಸ ಚಕ್ರ. ಟ್ರಯಲ್ಸ್ ನೋಡಿ ಯಾರು ಏನು ಕೊಳ್ಳುತ್ತಾರೆ? ಆ ಸೈಕಲ್ಲನ್ನು ಆಫೀಸಿಗೆ ಒಯ್ಯಲಾಗುವುದಿಲ್ಲ, ಮಗನ ಕೈಗೆ ಟ್ಯೂಷನ್ನಿಗೆ ಕೊಡಲಾಗುವುದಿಲ್ಲ. ಸೀಟಿಲ್ಲ, ಗೇರಿಲ್ಲ, ಸಸ್ಪೆನ್ಷನ್ ಇಲ್ಲ, ಹೊಸ ಮಾಡೆಲ್ ಅಂತ ಮಾರಲು ಬಿಡಿಭಾಗಗಳೇ ಕಮ್ಮಿ. ಹಾಗಾಗಿ ಇದನ್ನು ಮಾಡುವವರು ಸ್ಪೇನಿನ ಮೊಂಟಿ, ಇಂಗ್ಲೆಂಡಿನ ಇನ್‌ಸ್ಪೈರ್ಡ್, ಬೆಲ್ಜಿಯಂನ ಜಿಟ್ಸಿ ತರಹದ ಸಣ್ಣ ಕಂಪನಿಗಳು. ಸಣ್ಣ ಕಂಪನಿಗೆ ಜಾಹೀರಾತು ಕೊಡುವ ಶಕ್ತಿ ಇಲ್ಲ. ಜಾಹೀರಾತು ಇಲ್ಲದ ಆಟದ ಬಗ್ಗೆ ಸೈಕಲ್ ಪತ್ರಿಕೆಗಳು ಬರೆಯುವುದು ಅಪರೂಪ. ಬರೆದರೂ ಕೊನೇ ಪುಟದಲ್ಲಿ ಒಂದು ಫೋಟೋ.

ಆದರೆ ದುಡ್ಡೇ ಎಲ್ಲ ಅಂತ ನಾನು ಹೇಳಲ್ಲ. ನೋಡುವವರ ಕಡೆಯಿಂದಲೂ ಒಂದು ತೊಡಕಿದೆ. ದಸರಾದಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿಗೆ ಹೋಗಿದ್ದೀರಲ್ವಾ? ಅಲ್ಲಿ ಪಟ್ಟು ಪೂರ್ತಿ ಬೀಳುವ ಮೊದಲೇ ಜನ ಶಿಳ್ಳೆ ಹೊಡೆಯುತ್ತಾರೆ, ಯಾಕೆಂದರೆ ಮುಂದೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಟ್ರಯಲ್ಸ್ ನೋಡುವವರಿಗೆ ಆ ಕಣ್ಣಿಲ್ಲ. ಒಬ್ಬ ಸವಾರ ಗುಂಡುಕಲ್ಲಿನ ತುದಿಯಲ್ಲಿ ಹಿಂದಿನ ಚಕ್ರದ ಮೇಲೆ ನಿಂತು, ಬ್ರೇಕ್ ಬಿಟ್ಟು, ಅರ್ಧ ಪೆಡಲ್ ಒದ್ದು, ಮತ್ತೆ ಬ್ರೇಕ್ ಹಿಡಿದು ಎದುರಿನ ಕಲ್ಲಿನ ಮೇಲೆ ಇಳಿಯುತ್ತಾನೆ. ಕಷ್ಟ ಇರುವುದು ಜಿಗಿತದಲ್ಲಿ ಅಂತ ನೋಡುವವರು ಅಂದುಕೊಳ್ಳುತ್ತಾರೆ. ನಿಜವಾದ ಕಷ್ಟ ಅದಕ್ಕೆ ಮುಂಚಿನ ಕ್ಷಣದಲ್ಲಿ, ಬ್ರೇಕ್ ಬಿಟ್ಟು ಒದೆಯುವ ಆ ಹೊತ್ತಿನಲ್ಲಿ. ಅದು ಕಣ್ಣಿಗೆ ಬೀಳುವುದೇ ಇಲ್ಲ. ಒಳ್ಳೆ ಸವಾರರು ನಿಂತಲ್ಲಿಂದಲೇ ಒಂದು ಮೀಟರ್‌ಗೂ ಜಾಸ್ತಿ ಎತ್ತರಕ್ಕೆ ಪಕ್ಕಕ್ಕೆ ಹಾರಿ ಕಟ್ಟೆ ಮೇಲೆ ನಿಲ್ಲುತ್ತಾರೆ. ಎಷ್ಟು ಚೆನ್ನಾಗಿ ಮಾಡುತ್ತಾರೋ ಅಷ್ಟು ಸುಲಭ ಅನ್ನಿಸುತ್ತದೆ.

ಅಂಕ ಕೊಡುವ ಪದ್ಧತಿಯೂ ಬಹಳ ಕಾಲ ತಲೆಕೆಳಗಾಗಿತ್ತು. ನಿಮಗೆ ಗೊತ್ತಿರಬಹುದು, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಕಲ್ಲು, ಮರದ ದಿಮ್ಮಿ, ಕಾಂಕ್ರೀಟ್ ಪೈಪು, ಹೀಗೆ ಅಡೆತಡೆ ಜೋಡಿಸಿ ಒಂದೊಂದು ಸೆಕ್ಷನ್ ಮಾಡಿರುತ್ತಾರೆ. ಎರಡು ನಿಮಿಷದಲ್ಲಿ ದಾಟಬೇಕು. ಕಾಲು ನೆಲಕ್ಕೆ ತಗುಲಿದರೆ ಒಂದು ತಪ್ಪು, ಐದು ತಪ್ಪಾದರೆ ಆ ಸೆಕ್ಷನ್ ಅಲ್ಲಿಗೆ ಮುಗಿಯಿತು. ಮೊದಲು ತಪ್ಪುಗಳನ್ನೇ ಎಣಿಸಿ ಕಡಿಮೆ ಇದ್ದವರನ್ನು ಗೆಲ್ಲಿಸುತ್ತಿದ್ದರು. ನೋಡುವ ಜನಕ್ಕೆ ಯಾರು ಮುಂದಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ. ಈಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಅಂದರೆ ಯುಸಿಐ, ಅದನ್ನು ತಿರುಗಿಸಿದೆ. ಸೆಕ್ಷನ್ನಿನಲ್ಲಿ ಎರಡು ಗುರುತುಗಳ ನಡುವೆ ಹಾದುಹೋಗುವ ಜಾಗಕ್ಕೆ ಗೇಟ್ ಅಂತಾರೆ, ಗೇಟ್ ದಾಟಿದ ಹಾಗೆಲ್ಲ ಹತ್ತು ಹತ್ತು ಅಂಕ ಸಿಗುತ್ತದೆ. ಒಳ್ಳೆಯದಾಯಿತು. ಹತ್ತು ವರ್ಷ ಮುಂಚೆ ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು.

ಇದು ಎಲ್ಲಿಂದ ಬಂತು ಅನ್ನುವುದಕ್ಕೂ ನಿಮ್ಮ ಪ್ರಶ್ನೆಗೂ ನಂಟಿದೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮೊಂಟೆಸಾ, ಬುಲ್ಟಾಕೊ, ಒಸ್ಸಾ ಅಂತ ಮೋಟಾರ್ ಸೈಕಲ್ ಕಾರ್ಖಾನೆಗಳಿದ್ದವು, ಮೂರೂ ಟ್ರಯಲ್ಸ್ ಬೈಕ್ ಮಾಡುತ್ತಿದ್ದವು. ಮೊಂಟೆಸಾದಲ್ಲಿದ್ದ ಪೆರೆ ಪಿ ಅನ್ನುವ ಮೋಟಾರ್ ಸೈಕಲ್ ಸವಾರರ ಮಗ ಓಟ್ ಪಿ, ಅಪ್ಪ ಎಂಜಿನ್ನಿನಲ್ಲಿ ಮಾಡುತ್ತಿದ್ದುದನ್ನು ಸೈಕಲ್ಲಲ್ಲಿ ಮಾಡತೊಡಗಿದ. 1970ರ ದಶಕದಲ್ಲಿ ಅಲ್ಲಿನ ಮಕ್ಕಳಿಗೆ ಇದೊಂದು ಆಟವೇ ಆಯಿತು. 1983ರಲ್ಲಿ ಪೆರೆ ಪಿ ಮೊಂಟಿ ಕಂಪನಿ ಶುರು ಮಾಡಿದರು. ಮಗ ಮುಂದೆ ವಿಶ್ವ ಚಾಂಪಿಯನ್ ಆದ. ಅಂದರೆ ಟ್ರಯಲ್ಸ್ ಹುಟ್ಟಿದ್ದು ಸೈಕಲ್ ಮನೆಯಲ್ಲಲ್ಲ, ಮೋಟಾರ್ ಸೈಕಲ್ ಮನೆಯಲ್ಲಿ. ಸೈಕಲ್ ರೇಸಿನವರಿಗೆ ಇದು ಮೊದಲಿಂದಲೂ ಹೊರಗಿನ ಕೂಸು. ಆ ಕಡೆ ಮೋಟಾರ್ ಟ್ರಯಲ್ಸ್ ನೋಡಿ ಬೆಳೆದ ಊರುಗಳಲ್ಲಿ ಇದು ಅರ್ಥವಾಗುತ್ತದೆ, ಕ್ಯಾಟಲೋನಿಯಾದಲ್ಲಿ, ಫ್ರಾನ್ಸಿನಲ್ಲಿ, ಬ್ರಿಟನ್ನಿನಲ್ಲಿ. ನಮ್ಮಲ್ಲಿ ಮೋಟೋಕ್ರಾಸ್ ಅಂದರೆ ಧೂಳಿನಲ್ಲಿ ನಿಂತು ನೋಡುವವರಿದ್ದಾರೆ. ಮೋಟಾರ್ ಟ್ರಯಲ್ಸ್ ಯಾರು ನೋಡಿದ್ದಾರೆ? ಅಪ್ಪನನ್ನೇ ನೋಡದ ಊರಲ್ಲಿ ಮಗನ ಗುರುತು ಎಲ್ಲಿಂದ ಸಿಗಬೇಕು.

ಸಂಘಟನೆಯವರೂ ಸರಿಯಾಗಿ ಆಡಲಿಲ್ಲ. 1990ರ ದಶಕದ ಆರಂಭದಲ್ಲೇ ಆಟ ಎರಡು ಹೋಳಾಯಿತು. ಒಂದು ಯುಸಿಐ ಕೈಲಿ, ಇನ್ನೊಂದು ಬೈಕ್‌ಟ್ರಯಲ್ ಅನ್ನುವ ಬೇರೆ ಒಕ್ಕೂಟದ ಕೈಲಿ. ಎರಡು ವಿಶ್ವ ಚಾಂಪಿಯನ್‌ಶಿಪ್, ಎರಡು ನಿಯಮ. ಇರುವುದೇ ಹಿಡಿಯಷ್ಟು ಜನ, ಅದರಲ್ಲೂ ಪಾಲು. ಯುಸಿಐ ಟ್ರಯಲ್ಸನ್ನು ತುಂಬಾ ವರ್ಷ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ಪಿನ ಜೊತೆ ಕಟ್ಟಿಹಾಕಿತ್ತು. ಅಲ್ಲಿ ಜನ ಬರುವುದು ಕ್ರಾಸ್ ಕಂಟ್ರಿ, ಡೌನ್‌ಹಿಲ್ ನೋಡಲು. 2017ರಲ್ಲಿ ಇದನ್ನು ಬಿಡಿಸಿ ಬಿಎಂಎಕ್ಸ್ ಫ್ರೀಸ್ಟೈಲ್ (ಸಣ್ಣ ಸೈಕಲ್ಲಲ್ಲಿ ಕಸರತ್ತು ತೋರಿಸುವ ಆಟ) ಜೊತೆ ಅರ್ಬನ್ ಸೈಕ್ಲಿಂಗ್ ಅಂತ ಚೀನಾದ ಚೆಂಗ್ಡುಗೆ ಒಯ್ದರು. ಬಯಲಲ್ಲಿ ಕೃತಕ ಅಡೆತಡೆ, ಸುತ್ತ ಗ್ಯಾಲರಿ. ಟ್ರಯಲ್ಸಿಗೆ ಇದು ಸರಿಯಾದ ಜಾಗ ಅಂತಲೇ ನನಗನ್ನಿಸುತ್ತದೆ, ಕೆಲವು ಹಳಬರು ಮಾತ್ರ ‘ಕಾಡಿನ ಕಲ್ಲು ಇಲ್ಲದ ಟ್ರಯಲ್ಸ್ ಎಂಥದ್ದು’ ಅಂತ ಗೊಣಗುತ್ತಾರೆ. ಆದರೆ ಜೊತೆಗೆ ಬಂದ ಫ್ರೀಸ್ಟೈಲ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೆ ಹೋಯಿತು, ಇದು ಹೋಗಲಿಲ್ಲ. ಮೌಂಟನ್ ಬೈಕ್ 1996ರಲ್ಲೇ ಹೋಗಿತ್ತು, ಬಿಎಂಎಕ್ಸ್ ರೇಸು 2008ರಲ್ಲಿ.

ಒಲಿಂಪಿಕ್ಸ್ ಅನ್ನುವುದು ನಮ್ಮ ದೇಶದಲ್ಲಿ ಬರೀ ಮರ್ಯಾದೆಯ ವಿಷಯ ಅಲ್ಲ, ಹೊಟ್ಟೆಪಾಡಿನ ವಿಷಯ. ಕರ್ನಾಟಕದ ಒಳ್ಳೊಳ್ಳೆ ಸೈಕ್ಲಿಸ್ಟ್‌ಗಳು ವಿಜಯಪುರ, ಬಾಗಲಕೋಟೆ ಕಡೆಯಿಂದ ಬರುತ್ತಾರೆ. ಅಲ್ಲಿನ ಹುಡುಗರು, ಹುಡುಗಿಯರು ಬಿಸಿಲಲ್ಲಿ ನೂರಾರು ಕಿಲೋಮೀಟರ್ ತುಳಿಯುವುದು ಆಟದ ಪ್ರೀತಿಗೆ ಮಾತ್ರವಲ್ಲ. ರಾಷ್ಟ್ರೀಯ ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ಒಂದು ನೌಕರಿಯ ಆಸೆ ಇರುತ್ತದೆ. ಒಲಿಂಪಿಕ್ಸಿನಲ್ಲೂ ಇಲ್ಲದ, ಏಷ್ಯನ್ ಗೇಮ್ಸಿನಲ್ಲೂ ಇಲ್ಲದ ಆಟಕ್ಕೆ ಯಾವ ಕೋಚು ಮಕ್ಕಳನ್ನು ಕಳಿಸುತ್ತಾರೆ? ನಾನಾದರೂ ಕಳಿಸುವುದಿಲ್ಲ.

ಹಾಗಾದರೆ ವಿಡಿಯೋಗಳಿಗೆ ಕೋಟಿಗಟ್ಟಲೆ ಜನ ಎಲ್ಲಿಂದ ಬಂದರು ಅಂತ ಕೇಳಬಹುದು. 2009ರ ಏಪ್ರಿಲ್‌ನಲ್ಲಿ ಎಡಿನ್‌ಬರೋದ ಬೀದಿಗಳಲ್ಲಿ ತೆಗೆದ ಒಂದು ಐದು ನಿಮಿಷದ ವಿಡಿಯೋ ಹೊರಬಂತು. ಅದರಲ್ಲಿ ಡ್ಯಾನಿ ಮೆಕ್ಯಾಸ್ಕಿಲ್ ಮೊನೆಮೊನೆ ಕಬ್ಬಿಣದ ಬೇಲಿಯ ಮೇಲೆ ಸೈಕಲ್ ಓಡಿಸುತ್ತಾರೆ. ಆಗ ಅವರು ಅಲ್ಲಿನ ಒಂದು ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಆ ವಿಡಿಯೋ ಅವರ ಬದುಕನ್ನೇ ಬದಲಿಸಿತು. ಆದರೆ ಸ್ಪರ್ಧೆಯ ಟ್ರಯಲ್ಸಿಗೆ ಅದರಿಂದ ಏನು ಬಂತು? ಹೆಚ್ಚೇನೂ ಇಲ್ಲ. ಯಾಕೆಂದರೆ ಅವರು ಸ್ಪರ್ಧೆಯ ಸವಾರರಲ್ಲ. ಜನ ಒಬ್ಬ ಮನುಷ್ಯನನ್ನು ಇಷ್ಟಪಟ್ಟರು, ಒಂದು ಆಟವನ್ನಲ್ಲ. ಅವರಿಗಿಂತ ಮುಂಚೆ ಹಾನ್ಸ್ ರೇ ವಿಷಯದಲ್ಲೂ ಹೀಗೇ ಆಯಿತು. ಅವರು ಸ್ಪರ್ಧೆಗಳಲ್ಲಿ ಗೆದ್ದವರೇ, ಆದರೆ ಹೆಸರು ಬಂದದ್ದು 80ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಪ್ರದರ್ಶನ, ಸಾಹಸ ಪ್ರವಾಸ ಅಂತ ಹೊರಟ ಮೇಲೆ. ಸೆಕ್ಷನ್ ಒಳಗೇ ಉಳಿದವರ ಹೆಸರು ಹೇಳಲಾ? ಬೆನಿಟೊ ರೋಸ್, ಜಿಲ್ ಕುಸ್ತೆಲಿಯೆ, ಜ್ಯಾಕ್ ಕಾರ್ಥಿ, ನೀನಾ ರೈಕೆನ್‌ಬಾಖ್. ಎಲ್ಲರೂ ಒಂದಕ್ಕಿಂತ ಹೆಚ್ಚು ಸಲ ವಿಶ್ವ ಚಾಂಪಿಯನ್ ಆದವರು. ನಿಮ್ಮ ಭಾನುವಾರದ ಗುಂಪಿನಲ್ಲಿ ಇವರಲ್ಲಿ ಒಬ್ಬರ ಹೆಸರನ್ನಾದರೂ ಕೇಳಿದವರು ಇದ್ದರೆ ನನಗೆ ಆಶ್ಚರ್ಯ.

ವಿಡಿಯೋದಿಂದ ಇನ್ನೊಂದು ತೊಂದರೆ ಇದೆ. ಅದರಲ್ಲಿ ಕಾಣುವುದು ಕೈಗೂಡಿದ ಒಂದು ಸಲ ಮಾತ್ರ. ಆ ಬೇಲಿ ಒಂದೇ ಏಟಿಗೆ ಬಂದದ್ದಲ್ಲ. ಟಿವಿಯಲ್ಲಿ ಹತ್ತುವಾಗ ಒದ್ದಾಡುವ ರೇಸುಗಾರರನ್ನು ನೋಡಿ ‘ನಾನೂ ಹೀಗೇ ಏದುಸಿರು ಬಿಟ್ಟಿದ್ದೆ’ ಅನ್ನಬಹುದು. ಟ್ರಯಲ್ಸ್ ವಿಡಿಯೋ ನೋಡಿದರೆ ‘ಇದು ನಮ್ಮಂಥವರಿಗಲ್ಲ’ ಅಂತ ಫೋನು ಕೆಳಗಿಡುತ್ತಾರೆ. ಅದಕ್ಕೇ ಸರ್ಕಸ್ ಅನ್ನುವ ಮಾತು.

ನಮ್ಮ ಕಡೆ ಇದಕ್ಕೊಂದು ಒಗ್ಗರಣೆ ಬೇರೆ. ಮೈಸೂರು, ಮಂಡ್ಯ ಎರಡೂ ಕಡೆ ಚಕ್ರ ಎತ್ತಿದರೆ ಜನಕ್ಕೆ ನೆನಪಾಗುವುದು ವೀಲಿಂಗ್. ರಾತ್ರಿ ಹೊತ್ತು ಸ್ಕೂಟರಿನಲ್ಲಿ ಮುಂದಿನ ಚಕ್ರ ಎತ್ತಿಕೊಂಡು ಹೋಗಿ ಪೊಲೀಸರ ಕೈಗೆ ಸಿಕ್ಕವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅಪ್ಪ ಅಮ್ಮನಿಗೆ ನೀವು ಮಾಡುವುದಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಇವತ್ತು ಸೈಕಲ್, ನಾಳೆ ಸ್ಕೂಟರ್ ಅಂತ ಭಯ. ಆ ಭಯ ತಪ್ಪು ಅಂತ ವಾದಿಸುವುದಕ್ಕಿಂತ ಅವರನ್ನು ಒಂದು ಸಲ ಅಭ್ಯಾಸದ ಜಾಗಕ್ಕೆ ಕರೆದುಕೊಂಡು ಹೋಗಿ. ಟ್ರಯಲ್ಸಿನಲ್ಲಿ ವೇಗವೇ ಇಲ್ಲ, ರಸ್ತೆಯೂ ಬೇಕಿಲ್ಲ. ನೋಡಿದರೆ ಅರ್ಥವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಟ್ರಯಲ್ಸಿನ ಬೇರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತೇನಿಲ್ಲ. ರಾಜ್ಯೋತ್ಸವಕ್ಕೋ ಗಣೇಶನ ಹಬ್ಬಕ್ಕೋ ನಿಧಾನ ಸೈಕಲ್ ಸ್ಪರ್ಧೆ ಇಡುತ್ತಾರಲ್ಲ, ಸ್ಲೋ ಸೈಕಲ್ ರೇಸ್, ನೀವೂ ಆಡಿರುತ್ತೀರಿ. ಕೊನೆಗೆ ತಲುಪಿದವರಿಗೆ ಬಹುಮಾನ, ಕಾಲು ನೆಲಕ್ಕೆ ತಾಗಿದರೆ ಔಟ್. ಟ್ರಯಲ್ಸಿನ ಮೊದಲ ಪಾಠ ಇದೇ ತಾನೇ? ಹಳ್ಳಿಯಲ್ಲಿ ಇದನ್ನು ನೋಡಲು ಇಡೀ ಬೀದಿ ಸೇರುತ್ತದೆ, ಯಾರೂ ಸರ್ಕಸ್ ಅನ್ನುವುದಿಲ್ಲ, ಯಾಕೆಂದರೆ ನಿಂತವರೆಲ್ಲ ಒಂದಲ್ಲ ಒಂದು ಸಲ ಆಡಿ ಕಾಲು ಇಟ್ಟು ಔಟಾದವರೇ.

ಹಾಗಾಗಿ ನಿಮ್ಮ ಗೆಳೆಯರ ಮುಂದೆ ಬರೀ ಜಿಗಿದು ತೋರಿಸಬೇಡಿ. ಅವರನ್ನೇ ಆಡಿಸಿ. ಮುಂದಿನ ಭಾನುವಾರ ಟೀ ಕುಡಿಯುವ ಜಾಗದಲ್ಲಿ ಸೀಮೆಸುಣ್ಣದಲ್ಲಿ ನಾಲ್ಕು ಗೇಟ್ ಬರೆಯಿರಿ. ಒಂದು ಚೂಪು ತಿರುವು, ಒಂದು ಸಣ್ಣ ಹಲಗೆ, ಅಷ್ಟು ಸಾಕು, ಎತ್ತರದ್ದೇನೂ ಬೇಡ. ಫೋನಲ್ಲಿ ಎರಡು ನಿಮಿಷದ ಟೈಮರ್, ಐದು ಸಲ ಕಾಲಿಟ್ಟರೆ ಮುಗೀತು. ಕಾರ್ಬನ್ ಫ್ರೇಮಿನವರೂ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಬಿಚ್ಚಿ ಬರುತ್ತಾರೆ ನೋಡಿ, ಸೋತರೆ ಇನ್ನೊಂದು ಸಲ ಅಂತಾರೆ. ಅವರಿಗೂ ಒಂದು ಅಂಕಿ ಸಿಕ್ಕಿತಲ್ಲ.

ಜಾಗದ ಬಗ್ಗೆ ಒಂದು ಮಾತು. ಶ್ರೀರಂಗಪಟ್ಟಣದ ಕೋಟೆ ಗೋಡೆ, ಮೇಲುಕೋಟೆಯ ಕಲ್ಯಾಣಿ ಮೆಟ್ಟಿಲು, ಚಾಮುಂಡಿ ಬೆಟ್ಟದ ಮೆಟ್ಟಿಲು, ಇವನ್ನು ನೋಡಿದರೆ ಕೈ ತುರಿಸುತ್ತದೆ, ನನಗೆ ಗೊತ್ತು. ಬೇಡ. ಒಂದು ವಿಡಿಯೋ ಸಾಕು, ಇರುವ ಸ್ವಲ್ಪ ಹೆಸರೂ ಹೋಗುತ್ತದೆ. ಹೊಸ ಲೇಔಟಿನ ಖಾಲಿ ಸೈಟು ಇರುತ್ತದೆ, ಮಾಲೀಕರನ್ನು ಕೇಳಿ. ನಾಲ್ಕು ಸೈಜುಗಲ್ಲು, ಎರಡು ಮರದ ಪ್ಯಾಲೆಟ್, ಒಂದು ಹಳೇ ಟ್ರ್ಯಾಕ್ಟರ್ ಟೈರು ಇದ್ದರೆ ವರ್ಷಕ್ಕಾಗುವಷ್ಟು ಕೆಲಸ ಇದೆ.

ಸೈಕಲ್ ವಿಷಯ. ಸದ್ಯಕ್ಕೆ ಹೊಸದು ಬೇಡ. ಹೊರದೇಶದಿಂದ ತರಿಸಿದರೆ ಸುಂಕ, ಸಾಗಣೆ ಸೇರಿ ಲಕ್ಷ ದಾಟುವುದು ಸಾಮಾನ್ಯ. ನಿಮ್ಮ ಎಂಟಿಬಿಯಲ್ಲಿ ಮುಂದೆ ಮೂರು ಚೈನ್‌ರಿಂಗ್ ಇದ್ದರೆ ಚಿಕ್ಕದಕ್ಕೆ 22 ಹಲ್ಲು ಇರಬಹುದು, ಎಣಿಸಿ. ಹಿಂದೆ 18 ಹಲ್ಲಿನದಕ್ಕೆ ಚೈನ್ ಹಾಕಿ. 26 ಇಂಚಿನ ನಿಜವಾದ ಟ್ರಯಲ್ಸ್ ಸೈಕಲ್ಲಿಗೂ ಇದೇ ಲೆಕ್ಕ ಹಾಕುವವರಿದ್ದಾರೆ. ಸೀಟು ಪೂರ್ತಿ ಕೆಳಗಿಳಿಸಿ. ಮುಂದಿನ ಸ್ಪ್ರಿಂಗ್ ಫೋರ್ಕ್ ನಿಮ್ಮ ಜಿಗಿತವನ್ನೆಲ್ಲ ನುಂಗಿಬಿಡುತ್ತದೆ, ಗಟ್ಟಿ ಫೋರ್ಕ್ ಸಿಕ್ಕರೆ ಬದಲಿಸಿ. ವಿ-ಬ್ರೇಕ್ ಇದ್ದರೆ ಒಳ್ಳೆ ಪ್ಯಾಡ್ ಹಾಕಿ, ಸಾಕು. ಹ್ಯಾಂಡಲ್ ಕತ್ತಿನ ಕೆಳಗಿನ ವೆಲ್ಡಿಂಗನ್ನು ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ ನೋಡಿ, ಕಮ್ಮಿ ಬೆಲೆಯ ಫ್ರೇಮು ಮೊದಲು ಬಿರುಕು ಬಿಡುವುದು ಅಲ್ಲೇ. ಕಾಲಿಗೆ ಶಿನ್ ಗಾರ್ಡ್, ತಲೆಗೆ ಹೆಲ್ಮೆಟ್, ಇದರಲ್ಲಿ ಚೌಕಾಸಿ ಇಲ್ಲ.

ದುಡ್ಡು ಹಾಕುವುದಾದರೆ ಮೊದಲು ಫ್ರೀವೀಲಿಗೆ ಹಾಕಿ. ಸಾದಾ ಫ್ರೀವೀಲಿನಲ್ಲಿ ಹದಿನೆಂಟೋ ಇಪ್ಪತ್ತೋ ಕಚ್ಚುಗಳಿರುತ್ತವೆ. ಅಂದರೆ ಪೆಡಲ್ ಒದ್ದ ಮೇಲೆ ಅದು ಕಚ್ಚಿಕೊಳ್ಳುವ ತನಕ ಇಪ್ಪತ್ತು ಡಿಗ್ರಿವರೆಗೂ ಸುಮ್ನೆ ತಿರುಗಬಹುದು. ಹಿಂದಿನ ಚಕ್ರದ ಮೇಲೆ ನಿಂತಿರುವಾಗ ಅಷ್ಟು ಹೊತ್ತು ನಿಮಗಿಲ್ಲ. 72 ಕಚ್ಚು ಇದ್ದರೆ ಐದೇ ಡಿಗ್ರಿ, 108 ಇದ್ದರೆ ಮೂರೂ ಚಿಲ್ಲರೆ. ಅದಕ್ಕಿಂತ ಮುಖ್ಯ, ಸಾದಾ ಫ್ರೀವೀಲು ಇಂಥ ಒದೆತಕ್ಕೆ ಮಾಡಿದ್ದಲ್ಲ. ಒಳಗಿನ ನಾಲಿಗೆ ಮುರಿದು ಪೆಡಲ್ ಜಾರಿದರೆ ಮಂಡಿಯೋ ಹಲ್ಲೋ ನೇರವಾಗಿ ಹ್ಯಾಂಡಲಿಗೆ ಹೋಗಿ ಬಡಿಯುತ್ತದೆ. ಆದ್ದರಿಂದ ಹೊಸ ಫ್ರೀವೀಲು, ಹೊಸ ಚೈನು ಬರುವ ತನಕ ಕಲ್ಲಿನಿಂದ ಕಲ್ಲಿಗೆ ಜಿಗಿಯುವುದನ್ನು ನಿಲ್ಲಿಸಿ, ನೆಲದ ಮೇಲಿನ ಅಭ್ಯಾಸ ಮಾತ್ರ ಮಾಡಿ.